ಹನ್ನೊಂದು ಗಂಟೆಯ ಗಂಡಾಂತರ
ಸರ್ಟಿಫಿಕೇಟ್ ಅಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಕಬ್ಬಿಣದ ಟ್ರಂಕಿನಲ್ಲಿ ಮಡಚಿಟ್ಟ ಜಾತಿ, ಆದಾಯದ ಕಾಗದ. ಕಂಪನಿಯೊಂದರ ಮೇಲ್, ಫೋನ್, ಮೀಟಿಂಗುಗಳನ್ನೆಲ್ಲ ಹೊತ್ತ ಸರ್ವರ್ ಕಂಪ್ಯೂಟರಿಗೂ ಅಂಥದ್ದೊಂದು ಬೇಕು, ತಾನು ಸಾಚಾ ಎಂದು ತೋರಿಸಿಕೊಳ್ಳಲು. ಅದರ ಕೊನೆಯ ದಿನಾಂಕ ಗ್ರೀನಿಚ್ ಲೆಕ್ಕದ್ದು, ಎಡವುವುದು ಇಲ್ಲೇ. ಅಲ್ಲಿಯ ನಡುರಾತ್ರಿಗೆ ಮುಗಿಯುವ ಸರ್ಟಿಫಿಕೇಟ್ ಬೆಂಗಳೂರಿನಲ್ಲಿ ಬೆಳಗಿನ 5.30ಕ್ಕೆ, ಹಾಲಿನವನು ಬರುವ ಹೊತ್ತಿಗೆ, ಸದ್ದಿಲ್ಲದೆ ಪ್ರಾಣ ಬಿಡುತ್ತದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಬೇಸಿಗೆಯಾದರೆ ಆಗ ಸರಿಯಾಗಿ ಹನ್ನೊಂದು ಗಂಟೆ, ಮೀಟಿಂಗು ಕಾವೇರಿದ ಸಮಯ. ಅಲ್ಲಿಯ ಸರ್ವರುಗಳನ್ನು ಇಲ್ಲಿಂದ ನೋಡಿಕೊಳ್ಳುವ ಹುಡುಗರ ಫೋನು ಹಾಸಿಗೆಯಲ್ಲೇ ಹೊಡೆದುಕೊಳ್ಳತೊಡಗುತ್ತದೆ. ದೊಡ್ಡವರೂ ಮರೆಯುತ್ತಾರೆ ಬಿಡಿ: 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್‌ನ ಟೀಮ್ಸ್ ಗಂಟೆಗಟ್ಟಲೆ ಮಲಗಿದ್ದು ಅವಧಿ ಮುಗಿದ ಒಂದೇ ಒಂದು ಸರ್ಟಿಫಿಕೇಟಿನಿಂದ. ಅಮೆರಿಕದಲ್ಲಿ ಅದು ಸೋಮವಾರದ ಬೆಳಗು; ಸಿಡ್ನಿಯಲ್ಲಿ ಮಧ್ಯರಾತ್ರಿ ದಾಟಿತ್ತು, ಅಲ್ಲಿಯವರು ಗೊರಕೆ ಹೊಡೆದೇ ಬಚಾವಾದರು. ಹೊಸದನ್ನು ತರಿಸಿದರಷ್ಟೇ ಸಾಲದು. ಸಿಡ್ನಿ, ಮೆಲ್ಬರ್ನ್ ಎರಡೂ ಊರಿನ ಒಂದೊಂದು ಸರ್ವರ್‌ಗೂ ಅದನ್ನು ಜೋಡಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಸರ್ಟಿಫಿಕೇಟಿನೊಳಗಿನ ಸರ್ವರ್ ಹೆಸರುಗಳ ಪಟ್ಟಿಯಲ್ಲಿ ಒಂದು ಬಿಟ್ಟುಹೋದರೂ ಆ ವಿಳಾಸದಲ್ಲಿ ಬಂದವರ ಮುಖಕ್ಕೆ ಎಚ್ಚರಿಕೆಯ ಫಲಕ. ನವೆಂಬರಿನ ಮೊದಲ ಮಂಗಳವಾರ ಕುದುರೆ ರೇಸಿಗೆಂದು ಮೆಲ್ಬರ್ನ್‌ಗೆ ರಜೆ, ಸಿಡ್ನಿಗೆ ಇಲ್ಲ. ಅದನ್ನೂ ನೋಡಿಯೇ ಸರ್ಟಿಫಿಕೇಟ್ ಬದಲಿಸುವ ದಿನ ಗೊತ್ತು ಮಾಡಬೇಕು. ಬ್ರೌಸರುಗಳು ನಂಬುವ ಸರ್ಟಿಫಿಕೇಟಿಗೆ 398 ದಿನವಿದ್ದ ಗರಿಷ್ಠ ಆಯಸ್ಸು 2026ರ ಮಾರ್ಚ್ 15ರಿಂದ 200 ದಿನ, 2029ರ ಅದೇ ತಾರೀಖಿನಿಂದ ಬರೀ 47. ಎಕ್ಸೆಲ್ ಹಾಳೆಯಲ್ಲಿ ತಾರೀಖಿಗೆ ಕೆಂಪು ಬಣ್ಣ ಬಳಿದು ಕಾಯುವವರ ಹಾಳೆ ಆಗ ಪೂರ್ತಿ ಕೆಂಪಾಗಿಯೇ ಇರುತ್ತದೆ.