ಭಾರಿ ನಕ್ಷತ್ರಗಳ ಅಂಕುಶ

ಚಳಿಗಾಲದ ಇರುಳಿನಲ್ಲಿ ಮಹಾವ್ಯಾಧನ ನಡುಪಟ್ಟಿಯ ಕೆಳಗೆ, ಖಡ್ಗದ ಎಡೆಯಲ್ಲಿ, ಮಸುಕಾದ ಬೆಳಕಿನ ಚುಕ್ಕೆಯೊಂದು ಬರಿಗಣ್ಣಿಗೂ ಕಾಣುತ್ತದೆ. ಅದೊಂದು ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿರುವ ನಕ್ಷತ್ರಗಳ ತೊಟ್ಟಿಲು. ಅದನ್ನು ಬೆಳಗುತ್ತಿರುವುದು ಬಹುಮಟ್ಟಿಗೆ ಒಂದೇ ತಾರೆ. ಆ ತಾರೆಯ ದ್ರವ್ಯರಾಶಿ ಸೂರ್ಯನದರ ಸುಮಾರು 30 ಮಡಿ.

ಇಂತಹ ಭಾರಿ ನಕ್ಷತ್ರಗಳನ್ನು ಹೊಸ ತಾರೆಗಳ ಜನ್ಮದಾತರೆಂದು ಕೊಂಡಾಡುವುದು ವಾಡಿಕೆ. ಅವು ಸಿಡಿದಾಗ ಹೊಮ್ಮುವ ಅಲೆ ನೆರೆಯ ಅನಿಲವನ್ನು ಒತ್ತಿ ಸಾಂದ್ರಗೊಳಿಸುತ್ತದೆ. ಆ ಅನಿಲವೇ ಕುಸಿದು ತಾರೆಗಳಾಗುತ್ತದೆ. ಈ ಮಾತು ಸುಳ್ಳಲ್ಲ. ಸೂರ್ಯನ ಸುತ್ತ ಸುಮಾರು 1,000 ಜ್ಯೋತಿರ್ವರ್ಷ ಅಗಲದ ಪೊಳ್ಳೊಂದಿದೆ. 1 ಕೋಟಿ 40 ಲಕ್ಷ ವರ್ಷಗಳಷ್ಟು ಹಿಂದೆ ಮೊದಲಾದ ಸೂಪರ್‌ನೋವಾ ಸಿಡಿತಗಳು ಅದನ್ನು ಕೊರೆದುವೆಂದೂ, ಸಮೀಪದಲ್ಲಿ ತಾರೆಗಳು ಹುಟ್ಟುತ್ತಿರುವ ಮೋಡಗಳು ಬಹುತೇಕ ಅದರ ಅಂಚಿನಲ್ಲೇ ನೆರೆದಿವೆಯೆಂದೂ 2022ರಲ್ಲಿ ಖಗೋಳವಿಜ್ಞಾನಿಗಳು ತೋರಿಸಿದರು.

ಆದರೆ ಈ ಕೀರ್ತಿ ಅವುಗಳ ಹಿರಿಯ ಕಾರ್ಯವನ್ನು ಮರೆಸಿಬಿಟ್ಟಿದೆ. ಆಕಾಶಗಂಗೆಯು ಒಂದು ಸುರುಳಿ ಗೆಲಾಕ್ಸಿ. ಅದರ ತಣ್ಣನೆಯ ಮೋಡಗಳಲ್ಲಿ ಸುಮಾರು 100 ಕೋಟಿ ಸೂರ್ಯರಿಗೆ ಸಾಲುವಷ್ಟು ಅನಿಲವಿದೆ. ಗುರುತ್ವವೊಂದೇ ಅರಸಾಗಿದ್ದರೆ ವರ್ಷಕ್ಕೆ ನೂರಾರು ಸೂರ್ಯರಷ್ಟು ದ್ರವ್ಯ ತಾರೆಗಳಾಗಿ, ಕೆಲವೇ ದಶಲಕ್ಷ ವರ್ಷಗಳಲ್ಲಿ ಆ ಭಂಡಾರ ಬರಿದಾಗುತ್ತಿತ್ತು. ವಾಸ್ತವವಾಗಿ ತಾರೆಗಳಾಗುತ್ತಿರುವುದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯ ಮಾತ್ರ. ಈ ಮಿತವ್ಯಯಕ್ಕೆ ಮೋಡಗಳ ಒಳಗಿನ ಕ್ಷೋಭೆ, ಕಾಂತಕ್ಷೇತ್ರಗಳೂ ಕಾರಣವೆನ್ನಿ. ಆದರೂ ಅಂಕುಶ ಮುಖ್ಯವಾಗಿ ಭಾರಿ ನಕ್ಷತ್ರಗಳ ಕೈಯಲ್ಲಿದೆ.

ನೂರು ತಾರೆಗಳನ್ನು ಎಣಿಸಿದರೂ ಅಂತಹುದೊಂದು ಸಿಗುವುದು ಅಪರೂಪ. ಸೂರ್ಯನ ಬಾಳು ಸುಮಾರು 1,000 ಕೋಟಿ ವರ್ಷ. ಅತಿ ಭಾರದ ತಾರೆಗಳದು ಕೆಲವೇ ದಶಲಕ್ಷ ವರ್ಷ. ಹುಟ್ಟಿದ ಸುರುಳಿ ತೋಳನ್ನು ದಾಟುವ ಮುನ್ನವೇ ಅವು ಅಳಿಯುತ್ತವೆ. ತೋಳುಗಳು ನೀಲಿಯಾಗಿ ಹೊಳೆಯುವುದು ಇದರಿಂದಲೇ. ಅಷ್ಟರೊಳಗೆ ಅವುಗಳ ಅತಿನೇರಳೆ ಕಿರಣಗಳು ಅನಿಲವನ್ನು ಕಾಯಿಸುತ್ತವೆ, ಮಾರುತಗಳು ಅದನ್ನು ದೂಡುತ್ತವೆ. ಮಹಾವ್ಯಾಧನಲ್ಲಿಯೇ ಇದಕ್ಕೆ ಸಾಕ್ಷಿ ದೊರೆತಿದೆ. ವಿಮಾನದಲ್ಲಿ ಹೊತ್ತೊಯ್ದ ದೂರದರ್ಶಕದಿಂದ ನಡೆಸಿದ ವೀಕ್ಷಣೆಗಳ ಫಲ 2019ರಲ್ಲಿ ಪ್ರಕಟವಾಯಿತು: ಆ ಒಂಟಿ ತಾರೆಯ ಮಾರುತವು ಅನಿಲದ ಚಿಪ್ಪೊಂದನ್ನು ಸೆಕೆಂಡಿಗೆ ಸುಮಾರು 13 ಕಿಲೋಮೀಟರು ವೇಗದಲ್ಲಿ ಹೊರದೂಡುತ್ತಿದೆ. ಹುಟ್ಟಿದ ಮನೆಯ ಅನ್ನವನ್ನೇ ಅದು ಬಾಗಿಲಾಚೆ ಚೆಲ್ಲುತ್ತಿದೆ. ಅಲ್ಲಿ ಇನ್ನು ತಾರೆ ಹುಟ್ಟುವುದು ದುಸ್ತರ.

ಇದನ್ನು ಕ್ರೌರ್ಯವೆನ್ನಲಾಗದು. ಚೆದರಿದ ಅನಿಲ ನಾಶವಾಗುವುದಿಲ್ಲ. ಸಿಡಿದ ತಾರೆಗಳ ಒಡಲಲ್ಲಿ ತಯಾರಾದ ಆಮ್ಲಜನಕವೇ ಮೊದಲಾದ ಧಾತುಗಳನ್ನು ಬೆರೆಸಿಕೊಂಡು, ತಣಿದು, ಬೇರೆಡೆ ಮತ್ತೆ ಮೋಡವಾಗುತ್ತದೆ. ಸೂರ್ಯನು ಹುಟ್ಟಿದ್ದು ಸುಮಾರು 460 ಕೋಟಿ ವರ್ಷಗಳ ಹಿಂದೆ. ಆ ವೇಳೆಗೆ ಆಕಾಶಗಂಗೆಗೆ ನೂರಾರು ಕೋಟಿ ವರ್ಷ ವಯಸ್ಸಾಗಿತ್ತು. ಆದರೂ ಅವನ ಪಾಲಿನ ಅನಿಲ ಖರ್ಚಾಗದೆ ಉಳಿದಿತ್ತು.