ನಾಲ್ಕಕ್ಷರದ ಜಾತಕ

ಮದುವೆಗೆ ಜಾತಕ ನೋಡ್ತೀವಿ ಅಂದ್ರೆ ಮೂಗು ಮುರಿಯುವ ನನ್ನ ಓರಗೆಯವರೇ ಆಫೀಸಿಗೆ ಸೇರಿದ ವಾರ ಎಚ್‌ಆರ್ ಕಳಿಸಿದ ಲಿಂಕ್ ಒತ್ತಿ, ಒಂದಷ್ಟು ಪ್ರಶ್ನೆಗಳಿಗೆ ಟಿಕ್ ಹಾಕಿ, ಬಂದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಗೋತ್ರದ ಹಾಗೆ ಹೇಳಿಕೊಂಡು ಓಡಾಡುತ್ತಾರೆ. "ನಾನು ಐಎನ್‌ಟಿಜೆ ಕಣೋ, ಮೀಟಿಂಗ್ ನಂಗೆ ಆಗಿಬರಲ್ಲ." "ಅವಳು ಇಎನ್‌ಎಫ್‌ಪಿ, ಅವಳ ಹತ್ರ ಡೆಡ್‌ಲೈನ್ ಮಾತೆತ್ತಬೇಡಿ." ರಾಶಿ, ನಕ್ಷತ್ರ, ಗಣ ಇದ್ದ ಜಾಗದಲ್ಲಿ ಈಗ ಇದು ಕೂತಿದೆ, ಅಷ್ಟೇ. ಜೋಯಿಸರಾದರೂ ಶಾಂತಿ ಮಾಡಿಸಿದರೆ ದೋಷ ಕಳೆಯುತ್ತೆ ಅನ್ನುತ್ತಾರೆ. ಎಚ್‌ಆರ್‌ನವರಿಗೆ ಅಷ್ಟು ಕರುಣೆಯೂ ಇಲ್ಲ.

ಜಾತಕ ನೋಡಿಕೊಳ್ಳುವವರು ನೋಡಿಕೊಳ್ಳಲಿ. ಆದರೆ ಇದನ್ನು ಸೈಕಾಲಜಿ ಅನ್ನಬೇಡಿ. ನನ್ನ ಜಗಳ ಇರುವುದು ಅದರ ಬಗ್ಗೆ.

ಈ ಪರೀಕ್ಷೆಯ ಪೂರ್ತಿ ಹೆಸರು ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್. ಕಟ್ಟಿದವರು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಮಗಳ ಪದವಿ ರಾಜ್ಯಶಾಸ್ತ್ರದ್ದು. ಕಾರ್ಲ್ ಯೂಂಗ್ 1921ರಲ್ಲಿ ಬರೆದ ವ್ಯಕ್ತಿತ್ವದ ಮಾದರಿಗಳ ಪುಸ್ತಕ ತಾಯಿಗೆ ಹುಚ್ಚು ಹಿಡಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಮಗಳು ಅದನ್ನು ಪ್ರಶ್ನಾವಳಿ ಮಾಡಲು ಕೂತರು. ಡಿಗ್ರಿ ಇಲ್ಲದವರು ಒಳ್ಳೆಯ ಕೆಲಸ ಮಾಡಬಾರದು ಅಂತೇನಿಲ್ಲ ಬಿಡಿ. ಆದರೆ ಯೂಂಗ್‌ನ ಮಾದರಿಗಳು ಅಳೆದು ಕಂಡುಕೊಂಡವಲ್ಲ, ರೋಗಿಗಳನ್ನು ನೋಡಿ, ಓದಿ, ಯೋಚಿಸಿ ಬರೆದವು. ಜನರನ್ನು ನೋಡಿದ ತಕ್ಷಣ ಡಬ್ಬಿಗಳಿಗೆ ತುಂಬುವುದು ಮಕ್ಕಳಾಟ ಎಂಬ ಅರ್ಥದ ಎಚ್ಚರಿಕೆಯನ್ನು ಸ್ವತಃ ಅವನೇ ಕೊಟ್ಟಿದ್ದ. ನಾವು ಎಚ್ಚರಿಕೆ ಬಿಟ್ಟು ಡಬ್ಬಿ ಇಟ್ಟುಕೊಂಡೆವು.

ಡಬ್ಬಿಯಲ್ಲೇ ತೊಂದರೆ ಇರುವುದು. ಐದೂವರೆ ಅಡಿಗೆ ಒಂದು ಗೆರೆ ಎಳೆದು ಮೇಲಿದ್ದವರೆಲ್ಲ ಉದ್ದ, ಕೆಳಗಿದ್ದವರೆಲ್ಲ ಗಿಡ್ಡ ಅಂದುಬಿಟ್ಟರೆ? ಗೆರೆಯ ಆಚೀಚೆ ಅರ್ಧ ಇಂಚಿನ ಅಂತರದಲ್ಲಿರುವ ಇಬ್ಬರು ಬೇರೆ ಬೇರೆ ಜಾತಿಯವರಾಗುತ್ತಾರೆ. ಐದು ಅಡಿ ಏಳು ಇಂಚಿನವನೂ ಆರೂಕಾಲು ಅಡಿಯವನೂ ಒಂದೇ ಜಾತಿಯವರಾಗುತ್ತಾರೆ. ಮಾತುಗಾರಿಕೆ, ಸಂಕೋಚ, ಶಿಸ್ತು ಎಲ್ಲವೂ ಎತ್ತರದ ಹಾಗೆಯೇ. ಬಹುಪಾಲು ಜನ ನಡುವೆ ಎಲ್ಲೋ ಇರುತ್ತಾರೆ. ಅದಕ್ಕೇ ಕೆಲವು ವಾರ ಬಿಟ್ಟು ಇದೇ ಪರೀಕ್ಷೆ ಮತ್ತೆ ಬರೆಸಿದರೆ ಎಷ್ಟೋ ಜನರಿಗೆ ಒಂದಾದರೂ ಅಕ್ಷರ ಬದಲಾಗಿಬಿಡುತ್ತದೆ. ಇಂದಿನ ಸಂಶೋಧಕರು ವ್ಯಕ್ತಿತ್ವವನ್ನು ಅಳೆಯುವುದೇ ಇಲ್ಲ ಅಂತಲ್ಲ. 'ಬಿಗ್ ಫೈವ್' ಎಂಬ ಐದು ಗುಣಗಳ ಅಳತೆ ಇದೆ. ಆದರೆ ಅದರಲ್ಲಿ ಇರುವುದು ಹೆಚ್ಚು-ಕಡಿಮೆ, ಅದೋ-ಇದೋ ಅಲ್ಲ.

"ಆದ್ರೆ ನಂಗೆ ಕರೆಕ್ಟಾಗಿ ಹೊಂದುತ್ತಲ್ಲ?" ಅಂತೀರಿ. ಹೊಂದದೆ ಇರುತ್ತಾ! 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರದ ನಂತರ ಒಬ್ಬೊಬ್ಬರಿಗೂ "ಇದು ನಿನ್ನದು" ಎಂದು ವರದಿ ಹಂಚಿದರು. ಹುಡುಗರು ಅದಕ್ಕೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಆಮೇಲೆ ಗುಟ್ಟು ರಟ್ಟಾಯಿತು: ಎಲ್ಲರ ಕೈಲಿದ್ದದ್ದೂ ಒಂದೇ ವರದಿ! ಮೇಷ್ಟ್ರು ಅದರ ಸಾಲುಗಳನ್ನು ಎತ್ತಿಕೊಂಡಿದ್ದು ಜ್ಯೋತಿಷ್ಯದ ಪುಸ್ತಕದಿಂದ.

ನೋಡಿ, ಆ ಪ್ರಯೋಗ ಸೈಕಾಲಜಿ. ನಾವು ಎಷ್ಟು ಸುಲಭವಾಗಿ ಮೋಸಹೋಗುತ್ತೇವೆ ಎಂದು ಅಳೆದು ತೋರಿಸಿದ್ದು ಸೈಕಾಲಜಿ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದಾಗಿನಿಂದ ಈ ಶಾಸ್ತ್ರ ತನ್ನೊಂದಿಗೇ ಜಗಳವಾಡಿಕೊಂಡು ಬೆಳೆದಿದೆ. ಒಳಮನಸ್ಸು ಅಂತ ಫ್ರಾಯ್ಡ್ ಅಂದರೆ, ಕಣ್ಣಿಗೆ ಕಾಣುವ ವರ್ತನೆ ಬಿಟ್ಟು ಬೇರೆ ಮಾತೇ ಬೇಡ ಅಂತ 1913ರಲ್ಲಿ ವಾಟ್ಸನ್ ಅಂದ. ಆಮೇಲೆ ಬಂದ ಕಾಗ್ನಿಟಿವ್ ಪಂಥದವರು ಅವನ ಬಾಯಿ ಮುಚ್ಚಿಸಿದರು. 2015ರಲ್ಲಂತೂ ನೂರು ಹಳೆಯ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ, ಸುಮಾರು 36ರಲ್ಲಿ ಮಾತ್ರ ಗಟ್ಟಿ ಫಲಿತಾಂಶ ಬಂತು ಎಂದು ಮನಶ್ಶಾಸ್ತ್ರಜ್ಞರೇ ಜಗತ್ತಿಗೆ ಸಾರಿದರು. ತನ್ನ ಭವಿಷ್ಯ ಎಷ್ಟು ಸುಳ್ಳಾಯಿತು ಅಂತ ಲೆಕ್ಕ ಇಟ್ಟು ಪ್ರಕಟಿಸಿದ ಜೋಯಿಸರನ್ನು ಒಬ್ಬರನ್ನು ತೋರಿಸಿ.

ಈ ಎಚ್ಚರ ನಮಗೆ ಹೊಸತೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ರೇಡಿಯೋ ಶುರುಮಾಡಿದವರೂ ಅವರೇ. ಅವರು ಲಂಡನ್ನಿನಲ್ಲಿ ಕಲಿತಿದ್ದು ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ. ಒಂದು ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ಅಳತೆಯಲ್ಲಿ ಎಷ್ಟು ತಪ್ಪು ಸೇರಿರುತ್ತದೆ ಎಂದು ಲೆಕ್ಕ ಹಾಕುವುದನ್ನು ಕಲಿಸಿಕೊಟ್ಟವರಲ್ಲಿ ಸ್ಪಿಯರ್‌ಮನ್ ಮೊದಲಿಗ. ನೂರು ವರ್ಷದ ಹಿಂದೆ ಮೈಸೂರಿಗೆ ಬಂದಿಳಿದ ಈ ಪ್ರಶ್ನೆ ಇನ್ನೂ ಬೆಂಗಳೂರಿನ ಟೆಕ್ ಪಾರ್ಕು ತಲುಪಿಲ್ಲ.

"ಬರೀ ಮೋಜಿಗೆ ಅಲ್ವಾ, ಯಾಕಿಷ್ಟು ಸಿಟ್ಟು?" ಹೇಳ್ತೀನಿ ಕೇಳಿ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ಹಾಸನದ ಕಡೆಯ ಹುಡುಗಿಯೊಬ್ಬಳಿದ್ದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕೋಡ್ ಬರೆಯುವುದರಲ್ಲಿ ತಂಡದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಟೀಮ್ ಲೀಡ್ ಜಾಗ ಖಾಲಿಯಾದಾಗ ಅದು ಬೇರೆಯವರ ಪಾಲಾಯಿತು. ಕೊಟ್ಟ ಕಾರಣ: "ಪ್ರೊಫೈಲ್‌ನಲ್ಲಿ ಇಂಟ್ರೊವರ್ಟ್ ಅಂತ ಬಂದಿದೆ, ಕ್ಲೈಂಟ್ ಹತ್ರ ಮಾತಾಡೋದು ಅವಳಿಗೆ ಕಷ್ಟ ಆಗುತ್ತೆ." ಇದೇ ಹುಡುಗಿ ಊಟಕ್ಕೆ ಕೂತು ಕನ್ನಡದಲ್ಲಿ ಶುರುಹಚ್ಚಿದರೆ ನಾವು ಆರೇಳು ಜನ ತಟ್ಟೆ ಒಣಗುವವರೆಗೂ ಕೇಳುತ್ತಿದ್ದೆವು. ಮೀಟಿಂಗ್ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುವಿನ ಜೋಕುಗಳು ಹಿಂದಿಯಲ್ಲಿ. ಅವಳು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ಗುಂಪಿನಲ್ಲಿ ಮಾತಾಡಲು ಹಿಂಜರಿಕೆಯಾ ಎಂಬಂಥ ಪ್ರಶ್ನೆಗೆ ಅವಳು ಆಫೀಸನ್ನು ನೆನೆದು ಹೌದು ಅಂದಳು. ಆಫೀಸಿನ ದೋಷ ಅವಳ ಸ್ವಭಾವವಾಗಿ ಫೈಲ್ ಸೇರಿತು.

ಸನ್ನಿವೇಶ ಮಾಡಿಸಿದ್ದನ್ನು ಮನುಷ್ಯನ ಗುಣಕ್ಕೆ ಅಂಟಿಸುವ ಈ ಚಾಳಿಗೆ ಸಾಮಾಜಿಕ ಮನಶ್ಶಾಸ್ತ್ರದಲ್ಲಿ ಹೆಸರೇ ಇದೆ. 1977ರಲ್ಲಿ ಲೀ ರಾಸ್ ಇಟ್ಟದ್ದು: 'ಫಂಡಮೆಂಟಲ್ ಅಟ್ರಿಬ್ಯೂಷನ್ ಎರರ್'. ಮೊದಲ ವರ್ಷದ ಪಠ್ಯದಲ್ಲಿರುವ ಪಾಠ. ಇನ್ನು ನೇಮಕಾತಿಗೆ ಈ ಪರೀಕ್ಷೆ ಬಳಸಬೇಡಿ ಎಂದು ಅದನ್ನು ಮಾರುವ ಸಂಸ್ಥೆಯೇ ಹೇಳುತ್ತದೆ. ನಮ್ಮವರು ಅದನ್ನೂ ಓದಿಲ್ಲ.

ಓದದಿರುವುದರಲ್ಲಿ ಲಾಭವೂ ಇದೆ. ಕೆಲಸದ ಜಾಗವನ್ನೇ ಅಧ್ಯಯನ ಮಾಡುವ ಮನಶ್ಶಾಸ್ತ್ರದ ಶಾಖೆಯೊಂದಿದೆ. ಕೆಲಸದ ಒತ್ತಡ ಜಾಸ್ತಿ, ಅದನ್ನು ಹೇಗೆ ಮಾಡಬೇಕೆಂಬ ಸ್ವಾತಂತ್ರ್ಯ ಕಡಿಮೆ, ಈ ಎರಡೂ ಕೂಡಿದಲ್ಲಿ ಜನ ಬಳಲುತ್ತಾರೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದ. ಬರ್ನ್‌ಔಟ್ ಅನ್ನುವುದು ಕೆಲಸದ ಜಾಗದ ದೀರ್ಘ ಒತ್ತಡದಿಂದ ಹುಟ್ಟುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರೆಯಿತು. ಇದನ್ನು ನಂಬಿದರೆ ಕಂಪನಿ ಜನ ತೆಗೆದುಕೊಳ್ಳಬೇಕು, ಗಡುವು ಸಡಿಲಿಸಬೇಕು, ರಾತ್ರಿ ಹನ್ನೊಂದರ ಕಾಲ್ ನಿಲ್ಲಿಸಬೇಕು. ಅದಕ್ಕೆ ಖರ್ಚಿದೆ. ನಾಲ್ಕಕ್ಷರಕ್ಕೆ ಅಷ್ಟು ಖರ್ಚಿಲ್ಲ. "ಪ್ರಾಬ್ಲಂ ನಿನ್ನ ಟೈಪ್‌ನಲ್ಲಿದೆ" ಅಂದರೆ ಮುಗೀತು.

ಹಾಗಾಗಿ ಮುಂದಿನ ಸಲ ಆ ಲಿಂಕ್ ಬಂದಾಗ ಒತ್ತುವ ಮುನ್ನ ಮೂರು ಪ್ರಶ್ನೆ ಮೇಲ್ ಮಾಡಿ. ತಿಂಗಳು ಬಿಟ್ಟು ಮತ್ತೆ ಬರೆದರೆ ಇದೇ ಉತ್ತರ ಬರುತ್ತದೆಯೇ? ಈ ಉತ್ತರಕ್ಕೂ ಕೆಲಸ ಚೆನ್ನಾಗಿ ಮಾಡುವುದಕ್ಕೂ ಸಂಬಂಧವಿದೆ ಎಂದು ಎಲ್ಲಿ ಸಾಬೀತಾಗಿದೆ? ಇದನ್ನು ನೋಡಿ ನಮ್ಮ ಬಗ್ಗೆ ಏನೇನು ತೀರ್ಮಾನಿಸುತ್ತೀರಿ? ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ. ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಫಾರಂ ಖಾಲಿಯೇ ಇರಲಿ.