ಕಾಳಿ ಕಣಿವೆ: ಮೂಲಧನವೋ, ಆದಾಯವೋ?

ಜೊಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲನ್ನು ಸೇರುವ ಕಾಳಿ ನದಿಯ ಉದ್ದ ಸುಮಾರು 184 ಕಿಲೋಮೀಟರು ಮಾತ್ರ. ಇಷ್ಟು ಚಿಕ್ಕ ನದಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟುಗಳಿವೆ; ದಾಂಡೇಲಿಯ ಕಾಗದ ಕಾರ್ಖಾನೆಯೂ ಕೈಗಾ ಅಣು ವಿದ್ಯುತ್ ಸ್ಥಾವರವೂ ಇದರ ದಂಡೆಯಲ್ಲಿಯೇ ಇವೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. ನಮ್ಮ ಕಾರ್ಖಾನೆಗಳ ವಿದ್ಯುತ್ ಬಿಲ್ಲಿನಲ್ಲಿ ಆ ಬಾಬ್ತು ಎಲ್ಲಿಯೂ ನಮೂದಾಗುವುದಿಲ್ಲ.

ಈ ಕಣಿವೆಯ ದಾಂಡೇಲಿ ಅಭಯಾರಣ್ಯ 1956ರದು; ಅಣಶಿ ರಾಷ್ಟ್ರೀಯ ಉದ್ಯಾನ 1987ರದು. 2007ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆದವು. ಉಳವಿಯ ಚನ್ನಬಸವಣ್ಣನವರ ಸಮಾಧಿ, ಕವಳೆಯ ಗುಹೆ, ಕುಣಬಿಗಳ ಗೆಡ್ಡೆ-ಗೆಣಸಿನ ಬೇಸಾಯ ಇವೆಲ್ಲವೂ ಈ ಕಾಡಿನ ಪರಂಪರೆಗೆ ಸೇರಿದವು.

ಲೆಕ್ಕಪರಿಶೋಧಕನ ದೃಷ್ಟಿಯಿಂದ ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಪ್ರವಾಸಿಗರನ್ನು ದಾಂಡೇಲಿಗೆ ಸೆಳೆಯುವ ಮಂಗಟ್ಟೆ ಹಕ್ಕಿ ತಾನಾಗಿ ಪೊಟರೆಯನ್ನು ಕೊರೆಯಲಾರದು. ಹಳೆಯ ಹೆಮ್ಮರದಲ್ಲಿ ಸಹಜವಾಗಿ ಆದ ಪೊಟರೆಯೇ ಅದಕ್ಕೆ ಬೇಕು. ಹೆಣ್ಣು ಅದರೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನ ಮೂಲಕ ಗಂಡು ಹಣ್ಣು ತಂದು ಉಣಿಸುತ್ತದೆ. ಯಂತ್ರವಾದರೆ ವರ್ಷವರ್ಷವೂ ಸವಕಳಿ ತೆಗೆದು, ಕಡೆಗೆ ಹೊಸದನ್ನು ಕೊಳ್ಳಬಹುದು. ಅಂತಹ ಮರವೊಂದು ಉರುಳಿದರೆ ಅದರ ಬದಲಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಿದ್ಧವಾಗದು. ಆದರೂ ರೆಸಾರ್ಟಿನ ಅಢಾವೆ ಪತ್ರಿಕೆಯಲ್ಲಿ ಈಜುಕೊಳ ಆಸ್ತಿಯಾಗಿ ಕಾಣುತ್ತದೆ, ಮರ ಕಾಣುವುದಿಲ್ಲ. ಮೂಲಧನವನ್ನು ಕರಗಿಸಿ ಬಂದ ಹಣವನ್ನು ಲಾಭವೆಂದು ಬರೆಯುವ ಕಕ್ಷಿದಾರನಿಗೆ ನಾವು ಏನು ಹೇಳುತ್ತೇವೆಂಬುದು ಓದುಗರಿಗೆ ತಿಳಿದೇ ಇದೆ.

ಗಣೇಶಗುಡಿಯ ರ‍್ಯಾಫ್ಟಿಂಗ್ ಸಹ ಸೂಪಾ ವಿದ್ಯುದಾಗಾರದಿಂದ ಬಿಡುವ ನೀರನ್ನೇ ಅವಲಂಬಿಸಿದೆ. ನೀರು ಮಲಿನವಾದರೆ ವಿದ್ಯುತ್ ಉತ್ಪಾದನೆ ನಿಲ್ಲಲಿಕ್ಕಿಲ್ಲ. ಪ್ರವಾಸಿಗರ ಬರವು ಮಾತ್ರ ಖಂಡಿತ ನಿಲ್ಲುತ್ತದೆ.

ಕಂಪನಿ ಕಾಯಿದೆ, 2013ರ 135ನೇ ಕಲಮಿನಂತೆ ನಿಗದಿತ ಮಿತಿಗೆ ಒಳಪಡುವ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಪರಿಸರ ಮತ್ತು ಪರಂಪರೆಯ ರಕ್ಷಣೆಗೂ ಅದರಲ್ಲಿ ಅವಕಾಶವಿದೆ. ನಮ್ಮ ಸದಸ್ಯರಲ್ಲಿ ಬಹುತೇಕರು ಆ ಮಿತಿಯೊಳಗೆ ಬರುವವರಲ್ಲ. ಆದ್ದರಿಂದ ತಮಗೇನೂ ಸಂಬಂಧವಿಲ್ಲವೆಂದು ಹಲವರು ಭಾವಿಸಿದ್ದಾರೆ. ಈ ಭಾವನೆಯನ್ನು ನಾನು ಒಪ್ಪಲಾರೆ. ಗಿಡ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದಕ್ಕಿಂತ ತನ್ನ ತಂಗುದಾಣದ ಕೊಳಚೆ ನೀರನ್ನು ಶುದ್ಧೀಕರಿಸುವುದು ಮೇಲು. ಅದು ದಾನವಲ್ಲ, ವ್ಯಾಪಾರದ ವೆಚ್ಚ. ಕೋಣೆಯ ಬಾಡಿಗೆಯನ್ನು ನಿಗದಿಪಡಿಸುವಾಗಲೇ ಅದನ್ನು ಸೇರಿಸಬೇಕು.

ಇನ್ನು ಕಣಿವೆಗೆ ಸರಕು ಒದಗಿಸುವ ಹುಬ್ಬಳ್ಳಿ, ಬೆಳಗಾವಿಯ ವರ್ತಕರ ಮಾತು. ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಾಲು ಇಳಿಸಿ ಖಾಲಿ ಹಿಂದಿರುಗುವ ವಾಹನದಲ್ಲಿಯೇ ಆ ಹೊದಿಕೆಯನ್ನು ವಾಪಸು ತರಬಹುದಲ್ಲವೇ? ಬಾಡಿಗೆ ಎರಡೂ ದಿಕ್ಕಿಗೆ ಕೊಟ್ಟೇ ಆಗಿರುತ್ತದೆ. ಮುಂದಿನ ಹಂಗಾಮಿನ ಖರೀದಿ ಒಪ್ಪಂದಗಳಲ್ಲಿ ಈ ಒಂದು ಷರತ್ತನ್ನು ಸೇರಿಸುವಂತೆ ಸಂಸ್ಥೆಯ ಪದಾಧಿಕಾರಿಗಳು ಸದಸ್ಯರಿಗೆ ಸೂಚಿಸಬಹುದು.